ಕೈಯೋ, ತೊಡೆಸಂದೋ?

ತಾತಂಗೆ ಆಂಜಿಯೋಗ್ರಾಂ ಅಂದಾಗ ಶೆಟ್ಟಿಹಳ್ಳಿಯ ನಮ್ಮನೇಲಿ ಒಂದೇ ಚರ್ಚೆ: ಕೊಳವೆ ಕೈಯಿಂದಲೋ, ತೊಡೆಸಂದಿನಿಂದಲೋ? ಆಗ ನಮಗೆ ಸಿಕ್ಕವರು ವೆರ್ನರ್ ಫೋರ್ಸ್‌ಮನ್.

1904ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ಈ ಡಾಕ್ಟರು 1929ರಲ್ಲಿ, ಮೇಲಿನವರು ಬೇಡ ಅಂದರೂ, ಒಪ್ಪಿ ಬಂದಿದ್ದ ನರ್ಸನ್ನು ಟೇಬಲ್‌ಗೆ ಕಟ್ಟಿಹಾಕಿ, ತಮ್ಮದೇ ಎಡಗೈ ರಕ್ತನಾಳಕ್ಕೆ ಕೊಳವೆ ತೂರಿಸಿದರು. (ಆ ನರ್ಸಿಗೆ ಸಿಟ್ಟು ಬಂದಿದ್ದರೆ ತಪ್ಪಿಲ್ಲ!) ಹಾಗೇ ಮೆಟ್ಟಿಲಿಳಿದು ಎಕ್ಸ್‌ರೇ ತೆಗೆಸಿದರೆ ಕೊಳವೆಯ ತುದಿ ಹೃದಯದಲ್ಲಿತ್ತು. ಮೆಚ್ಚುವವರಿಲ್ಲದೆ ಮೂತ್ರಾಂಗ ಚಿಕಿತ್ಸೆಗೆ ಹೊರಳಿದರು. ನಾಜಿ ಪಕ್ಷ ಸೇರಿದ್ದನ್ನು ನಾವು ಮುಚ್ಚಿಡಲ್ಲ. 1956ರಲ್ಲಿ ನೊಬೆಲ್ ಬಂತು, 1979ರಲ್ಲಿ ತೀರಿಕೊಂಡರು.

ಅವರು ಹಿಡಿದದ್ದು ಅಭಿಧಮನಿ. ಆಂಜಿಯೋಗ್ರಾಂಗೆ ಬೇಕಾದ್ದು ಅಪಧಮನಿ. ಮಣಿಕಟ್ಟಿನದಾದರೆ ರಕ್ತಸ್ರಾವ ಕಡಿಮೆ, ಬೇಗ ಎದ್ದು ಓಡಾಡಬಹುದು. ದಪ್ಪ ಕೊಳವೆಗೆ ತೊಡೆಸಂದೇ ಸರಿ. ತಾತಂಗೆ ಮಣಿಕಟ್ಟಲ್ಲೇ ಆಯ್ತು. ಸಂಜೆ ಎದ್ದು ಕೂತು ಕಾಫಿ ಕೇಳಿದರು.