ಮೈಕೋ ಬೋರ್ಡಿನ ಹಿಂದಿದ್ದ ಮೆಕ್ಯಾನಿಕ್

ಹೋದ ತಿಂಗಳು ಬೇಲೂರಿಂದ ಹಳೇಬೀಡು ದಾಟಿ ಅರಸೀಕೆರೆ ಕಡೆ ಬರ್ತಿದ್ದೆ. ಜಾವಗಲ್ ಹತ್ತಿರ ನನ್ನ ಸಣ್ಣ ಕಾರಿನಲ್ಲಿ ಬ್ಯಾಟರಿ ಚಿತ್ರದ ಕೆಂಪು ದೀಪ ಹತ್ತಿತು. ಎ.ಸಿ., ರೇಡಿಯೋ ಆಫ್ ಮಾಡಿ, ಎಂಜಿನ್ ಮಾತ್ರ ನಿಲ್ಲಿಸದೆ ಅರಸೀಕೆರೆ ಮುಟ್ಟಿದೆ. ಅಲ್ಲಿನ ಮೆಕ್ಯಾನಿಕ್ ಮೊದಲು ಬೆಲ್ಟ್ ನೋಡಿದರು, ಸರಿಯಿತ್ತು. ಆಮೇಲೆ ಬ್ಯಾಟರಿಗೆ ಮೀಟರ್ ಹಿಡಿದರು. ಎಂಜಿನ್ ಓಡುವಾಗ 14 ವೋಲ್ಟ್ ಆಸುಪಾಸು ಇರಬೇಕು, 12ಕ್ಕೂ ಕಡಿಮೆ ಇತ್ತು. ಅಂದರೆ ಆಲ್ಟರ್ನೇಟರ್ ಚಾರ್ಜ್ ಮಾಡ್ತಿಲ್ಲ. ಅದರ ಹಿಂದಿನ ಕನೆಕ್ಟರ್‌ಗೆ ಹಸಿರು ಕಿಲುಬು ಹಿಡಿದಿತ್ತು. ಉಜ್ಜಿ, ಒತ್ತಿ ಕೂರಿಸಿದರು. 14.2. ಇದೇ ದೀಪಕ್ಕೆ ಹಿಂದೊಮ್ಮೆ ಬೇರೆ ಕಡೆ ಹೊಸ ಬ್ಯಾಟರಿಯನ್ನೇ ಹಾಕಿಸಿಕೊಂಡು ಬಂದಿದ್ದೆ, ಎಂಜಿನಿಯರಿಂಗ್ ಓದಿದ ನಾನು!

ಆ ಷೆಡ್ಡಿನ ಗೋಡೆಯಲ್ಲಿ ಬಣ್ಣ ಹೋದ ಮೈಕೋ ಬೋರ್ಡ್ ಇತ್ತು. ಹಳ್ಳಿ ಕಡೆ ಮೈಕೋ ಅಂದರೆ ಪ್ಲಗ್ಗು, ಡೀಸೆಲ್ ಪಂಪು. ಬೆಂಗಳೂರಿನವರಿಗೆ ಒಂದು ಲೇಔಟ್. 1951ರಲ್ಲಿ ಶುರುವಾದ ಆ ಕಂಪನಿ 2008ರಲ್ಲಿ ಬಾಷ್ ಲಿಮಿಟೆಡ್ ಆಯಿತು. ಆ ಹೆಸರಿನ ಮನುಷ್ಯನೂ ಇಂಥದ್ದೇ ಷೆಡ್ಡಿನಿಂದ ಬಂದವನು.

ರಾಬರ್ಟ್ ಬಾಷ್ ಹುಟ್ಟಿದ್ದು 1861ರಲ್ಲಿ, ಜರ್ಮನಿಯ ಉಲ್ಮ್ ಪಕ್ಕದ ಹಳ್ಳಿಯಲ್ಲಿ. ಹನ್ನೆರಡು ಮಕ್ಕಳಲ್ಲಿ ಹನ್ನೊಂದನೆಯವನು. ಎಂಜಿನಿಯರಿಂಗ್ ಡಿಗ್ರಿ ಇಲ್ಲ. ಅಪ್ರೆಂಟಿಸ್ ಆಗಿ ಕೈಕೆಲಸ ಕಲಿತ, ಅಮೆರಿಕದಲ್ಲಿ ಎಡಿಸನ್ ಕಂಪನಿಯಲ್ಲೂ ದುಡಿದ. 1886ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ವರ್ಕ್‌ಶಾಪ್ ತೆಗೆದಾಗ ಜೊತೆಗಿದ್ದದ್ದು ಒಬ್ಬ ಕೆಲಸಗಾರ, ಒಬ್ಬ ಹುಡುಗ. ಟೆಲಿಫೋನು, ಕರೆಗಂಟೆ, ಸಿಕ್ಕಿದ್ದೆಲ್ಲ ಮಾಡಿದ. ಮೊದಲ ವರ್ಷಗಳು ಸಾಲದಲ್ಲೇ ಕಳೆದವು.

ಮರುವರ್ಷ ಗಿರಾಕಿಯೊಬ್ಬ ಬಂದು, ಡಾಯ್ಟ್ಸ್ ಕಂಪನಿಯ ಎಂಜಿನ್‌ನಲ್ಲಿರುವ ಕಿಡಿ ಹೊತ್ತಿಸುವ ಮ್ಯಾಗ್ನೆಟೋ ಥರದ್ದು ನನಗೂ ಬೇಕು ಎಂದ. ಬಾಷ್ ಅದನ್ನು ನೋಡಿ, ಪೇಟೆಂಟ್ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಸುಧಾರಿಸಿ ಮಾಡಿಕೊಟ್ಟ. ಅವನ ಸಾಮ್ರಾಜ್ಯ ಶುರುವಾಗಿದ್ದು ಹೀಗೆ, ಇನ್ನೊಬ್ಬರ ಯಂತ್ರ ನೋಡಿ ಕಲಿತು.

ಇದರ ಬೆಲೆ ಗೊತ್ತಾಗಬೇಕಾದರೆ ಆಗಿನ ಕಾರುಗಳನ್ನು ನೆನೆಯಬೇಕು. ಕೆಲವು ಉರಿಯುವ ಬರ್ನರ್ ಹೊತ್ತು ಓಡ್ತಿದ್ದವು, ಬೆಂಕಿ ಅನಾಹುತದ ಭಯ. ಇನ್ನು ಕೆಲವು ಬ್ಯಾಟರಿ ನಂಬಿದ್ದವು. ಚಾರ್ಜ್ ಮಾಡೋಕೆ ಏನೂ ಇರಲಿಲ್ಲ, ಮುಗಿದರೆ ಗಾಡಿ ಅಲ್ಲೇ. ಮ್ಯಾಗ್ನೆಟೋ ಎಂಜಿನ್ನಿನ ಚಲನೆಯಿಂದಲೇ ಕರೆಂಟ್ ಹುಟ್ಟಿಸುತ್ತದೆ. ಆದರೆ ಅದು ನಿಧಾನದ ಎಂಜಿನ್‌ಗೆ ಮಾತ್ರ ಸರಿಹೋಗ್ತಿತ್ತು. 1897ರಲ್ಲಿ ವೇಗದ ಮೂರು ಚಕ್ರದ ಗಾಡಿಯೊಂದಕ್ಕೆ ಜೋಡಿಸಬೇಕಾಗಿ ಬಂದಾಗ, ಬಾಷ್‌ನ ಕೆಲಸಗಾರ ಆರ್ನಾಲ್ಡ್ ಜೇರಿಂಗರ್, ಭಾರದ ಸುರುಳಿಯ ಬದಲು ಅದರ ಸುತ್ತ ಹಗುರವಾದ ಲೋಹದ ತೋಳನ್ನು ಆಡಿಸಿದ. 1902ರಲ್ಲಿ ಗಾಟ್ಲೋಬ್ ಹೊನೊಲ್ಡ್ ಹೈವೋಲ್ಟೇಜ್ ಮ್ಯಾಗ್ನೆಟೋವನ್ನೂ ಅದಕ್ಕೆ ತಕ್ಕ ಸ್ಪಾರ್ಕ್ ಪ್ಲಗ್ಗನ್ನೂ ಮಾಡಿದ. ಗಮನಿಸಿ, ಎರಡೂ ನೌಕರರ ತಲೆ. ಮುಂದೆ ಹೆಡ್‌ಲೈಟು, ಹಾರನ್ನು, ವೈಪರ್ರು, 1927ರಲ್ಲಿ ಡೀಸೆಲ್ ಪಂಪು.

1906ರಲ್ಲೇ ಅವನು ಎಂಟು ಗಂಟೆ ದುಡಿಮೆ ತಂದ, ಉಳಿದ ಮಾಲೀಕರ ಕಣ್ಣು ಕೆಂಪಾಯಿತು. ಹಾಗಂತ ಸಂತನೇನಲ್ಲ. 1913ರ ಮುಷ್ಕರದ ನಂತರ ಮಾಲೀಕರ ಸಂಘವನ್ನೇ ಸೇರಿದ. ಹಿಟ್ಲರ್‌ನನ್ನು ಒಪ್ಪಲಿಲ್ಲ, ಅವನ ವಿರೋಧಿ ಗೋರ್ಡೆಲರ್‌ನನ್ನು ಕಂಪನಿಯ ಸಲಹೆಗಾರನಾಗಿ ಇಟ್ಟುಕೊಂಡ, ಯಹೂದಿಗಳಿಗೆ ನೆರವಾದ. ಅದೇ ಹೊತ್ತಲ್ಲಿ ಅವನ ಕಾರ್ಖಾನೆಗಳು ಹಿಟ್ಲರ್‌ನ ಯುದ್ಧಕ್ಕೆ ಸಾಮಾನು ಮಾಡಿದವು, ಸೆರೆ ತಂದವರನ್ನು ಬಲವಂತವಾಗಿ ದುಡಿಸಿದವು. ಆಸ್ಪತ್ರೆಗೆ ಕೊಟ್ಟ ದಾನ ಇದನ್ನು ಅಳಿಸೋದಿಲ್ಲ. 1942ರ ಮಾರ್ಚ್‌ನಲ್ಲಿ ತೀರಿಕೊಂಡ.

ಅವನು ಹೋಗಿ 44 ವರ್ಷಕ್ಕೆ, 1986ರಲ್ಲಿ, ಅವನ ಕಂಪನಿ ಕಾರಿನೊಳಗಿನ ಕಂಪ್ಯೂಟರುಗಳು ಎರಡೇ ವೈರಿನಲ್ಲಿ ಮಾತಾಡಿಕೊಳ್ಳುವ ಕ್ಯಾನ್ ಪದ್ಧತಿ ತಂದಿತು. ಇವತ್ತು ಎಷ್ಟೋ ಎಚ್ಚರಿಕೆ ದೀಪಗಳು ಹತ್ತೋದು ಆ ದಾರಿಯಲ್ಲೇ. ಎಂಜಿನ್ ದೀಪದ ಸಾಮಾನ್ಯ ಕೋಡು ಅಗ್ಗದ ಸ್ಕ್ಯಾನರ್‌ನಲ್ಲೂ ಸಿಗುತ್ತೆ. ಏರ್‌ಬ್ಯಾಗ್, ಎ.ಬಿ.ಎಸ್. ದೀಪಗಳಿಗೆ ಬಹಳ ಸಲ ಕಾರು ಕಂಪನಿಯ ಸಾಫ್ಟ್‌ವೇರೇ ಬೇಕು. ರಿಪೇರಿ ಹಕ್ಕಿನ ಬಗ್ಗೆ ಕೇಂದ್ರ ಸರ್ಕಾರ 2022ರಲ್ಲಿ ಸಮಿತಿ ಮಾಡಿದಾಗ ವಾಹನಗಳನ್ನೂ ಸೇರಿಸಿತ್ತು. ಕಡ್ಡಾಯ ಮಾಡುವ ಕಾನೂನು ಬೇಕು ಅನ್ನೋದು ನನ್ನ ವಾದ. 1887ರಲ್ಲಿ ಡಾಯ್ಟ್ಸ್ ಎಂಜಿನ್‌ಗೆ ಬೀಗ ಇದ್ದಿದ್ದರೆ ಬಾಷ್ ಕರೆಗಂಟೆ ಕಟ್ಟಿಕೊಂಡೇ ಇರ್ತಿದ್ದ.

ಹೊರಡೋ ಮುಂಚೆ, ಎ.ಬಿ.ಎಸ್. ದೀಪ ಬಂದರೂ ನಿಮ್ಮ ಹತ್ರಾನೇ ತರ್ತೀನಿ ಅಂದೆ. ಅದಕ್ಕೆ ಹಾಸನಕ್ಕೇ ಹೋಗಬೇಕು, ತಮ್ಮ ಕೈಲಿ ಆಗಲ್ಲ ಅಂತ ಹೇಳಿ ನೂರೈವತ್ತು ರೂಪಾಯಿ ತಗೊಂಡರು.