ನಕ್ಷತ್ರಮೀನಿಗೆ ಮುಳ್ಳು ಚುಚ್ಚಿದ ಮೆಚ್ನಿಕಾಫ್

ಶಕ್ತಿನಗರದಲ್ಲಿ ಬರಿಗಾಲಲ್ಲಿ ಕ್ರಿಕೆಟ್ ಆಡಿದವರಿಗೆಲ್ಲ ಜಾಲಿ ಮುಳ್ಳು ಗೊತ್ತು. ಚುಚ್ಚಿದ ಒಂದೆರಡು ದಿನಕ್ಕೆ ಊದಿಕೊಂಡು ಕೀವು ಆಗುತ್ತೆ. ಆ ಕೀವಲ್ಲಿ ಇರೋದು ಬಹುಪಾಲು ಸತ್ತ ಬಿಳಿ ರಕ್ತಕಣಗಳು. ಅವು ನಮ್ಮ ಪರವಾಗಿ ಹೋರಾಡಿ ಸತ್ತವು ಅಂತ ಜಗತ್ತಿಗೆ ಹೇಳಿದವರು ಇಲ್ಯಾ ಮೆಚ್ನಿಕಾಫ್.

ಹುಟ್ಟಿದ್ದು 1845ರಲ್ಲಿ, ಈಗಿನ ಉಕ್ರೇನಿನ ಖಾರ್ಕಿವ್ ಹತ್ತಿರ. ಓದಿದ್ದು ಪ್ರಾಣಿಶಾಸ್ತ್ರ, ಡಾಕ್ಟರಿಕೆ ಅಲ್ಲ. 1873ರಲ್ಲಿ ಹೆಂಡತಿ ಲುಡ್ಮಿಲಾ ಕ್ಷಯದಿಂದ ತೀರಿಕೊಂಡಾಗ ಪ್ರಾಣ ಕಳೆದುಕೊಳ್ಳೋಕೂ ಹೋಗಿದ್ದರು. ಅದೃಷ್ಟಕ್ಕೆ ಉಳಿದರು. ಎರಡನೇ ಹೆಂಡತಿ ಓಲ್ಗಾಗೆ ಟೈಫಾಯ್ಡ್ ಬಂದು ಹೋಯಿತು. ರೋಗ ಅನ್ನೋದು ಅವರಿಗೆ ಬರೀ ಪುಸ್ತಕದ ವಿಷಯ ಆಗಿರಲಿಲ್ಲ.

1882, ಸಿಸಿಲಿಯ ಮೆಸ್ಸಿನಾ ಊರು. ಮನೆಯವರೆಲ್ಲ ಸರ್ಕಸ್ ನೋಡೋಕೆ ಹೋಗಿದ್ದರು. ಇವರು ಒಬ್ಬರೇ ಮೈಕ್ರೋಸ್ಕೋಪಿನಲ್ಲಿ ನಕ್ಷತ್ರಮೀನಿನ ಮರಿ ನೋಡ್ತಾ ಕೂತಿದ್ದರು. ಮರಿ ಗಾಜಿನಂತೆ ಪಾರದರ್ಶಕ, ಒಳಗೆ ಓಡಾಡೋ ಕಣಗಳು ಕಾಣ್ತಾವೆ. ಹೊರಗಿಂದ ಏನಾದ್ರೂ ಒಳಗೆ ನುಗ್ಗಿದರೆ ಇವು ಏನು ಮಾಡಬಹುದು? ಅಂಗಳದ ಗುಲಾಬಿ ಮುಳ್ಳು ತಂದು ಮರಿಯ ಚರ್ಮದಡಿ ಚುಚ್ಚಿದರು. ರಾತ್ರಿ ನಿದ್ದೆ ಇಲ್ಲ. ಬೆಳಿಗ್ಗೆ ನೋಡಿದರೆ ಮುಳ್ಳಿನ ಸುತ್ತ ಕಣಗಳು ಮುತ್ತಿಕೊಂಡಿದ್ದವು! ಆ ಮರಿಗೆ ರಕ್ತನಾಳಗಳೇ ಇಲ್ಲ. ಅಂದರೆ ರಕ್ತ ಹೊತ್ತು ತಂದಿದ್ದಲ್ಲ, ಕಣಗಳೇ ತೆವಳಿ ಬಂದಿದ್ದವು.

ಈಗ ಗೊತ್ತಿರೋದು ಇಷ್ಟು. ಗಾಯದಿಂದ ರಾಸಾಯನಿಕಗಳು ಹರಡುತ್ತವೆ. ಬಿಳಿಕಣ ರಕ್ತನಾಳದ ಗೋಡೆಯಿಂದ ನುಸುಳಿ ಹೊರಬಂದು, ಸಾಂದ್ರತೆ ಜಾಸ್ತಿ ಇರೋ ಕಡೆಗೆ ತೆವಳುತ್ತೆ. ರೋಗಾಣುವನ್ನು ಸುತ್ತುವರಿದು ನುಂಗಿ ಒಳಗೇ ಕರಗಿಸುತ್ತೆ. ನಮ್ಮ ಲೈನ್ ಫಾಲೋವರ್ ರೋಬೋಗೆ ಎರಡೋ ಮೂರೋ ಸೆನ್ಸರ್, ಇದಕ್ಕೆ ಮೈಯೆಲ್ಲ ಸೆನ್ಸರ್. ಥರ್ಮಲ್ ಪ್ಲಾಂಟಿನ ಬೂದಿ ಶ್ವಾಸಕೋಶಕ್ಕೆ ಇಳಿದರೆ ನುಂಗೋ ಡ್ಯೂಟಿನೂ ಇವುಗಳದ್ದೇ. ಆದರೆ ಬೂದಿ ಕರಗಲ್ಲ, ಅದು ಬೇರೆ ಮಾತು.

ಆ ಕಾಲದ ಎಷ್ಟೋ ಡಾಕ್ಟರುಗಳು ಒಪ್ಪಲಿಲ್ಲ. ಬಿಳಿಕಣಗಳೇ ರೋಗಾಣುವನ್ನು ಮೈಯೆಲ್ಲ ಹರಡುತ್ತವೆ ಅನ್ನೋರೂ ಇದ್ದರು. ಜರ್ಮನಿಯ ವಿಜ್ಞಾನಿಗಳು ರೋಗಾಣು ಕೊಲ್ಲೋದು ರಕ್ತದ ದ್ರವ ಅಂತ ವಾದಿಸಿದರು. ಜಗಳ ವರ್ಷಗಟ್ಟಲೆ ನಡೀತು. 1888ರಲ್ಲಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆ ಸೇರಿದ ಮೆಚ್ನಿಕಾಫ್ ಪಟ್ಟು ಬಿಡಲಿಲ್ಲ. 1908ರ ನೊಬೆಲ್ ಬಂದಿದ್ದು ಇವರಿಗೂ ಎದುರು ಪಕ್ಷದ ಪಾಲ್ ಎರ್ಲಿಕ್‌ಗೂ ಸೇರಿ. ನನಗಂತೂ ಇದು ಸರಿಯಾದ ತೀರ್ಪು ಅನಿಸುತ್ತೆ, ಇಬ್ಬರ ಮಾತೂ ನಿಜವಾಗಿತ್ತು.

ನಮ್ಮ ಕಡೆಗೂ ಒಂದು ಕೊಂಡಿ ಇದೆ. ಒಡೆಸ್ಸಾದಲ್ಲಿ ಅವರ ಶಿಷ್ಯರಾಗಿದ್ದ ವಾಲ್ಡೆಮಾರ್ ಹಾಫ್ಕಿನ್ ಮುಂದೆ ಮುಂಬೈಗೆ ಬಂದು ಪ್ಲೇಗ್ ಲಸಿಕೆ ಮಾಡಿ, 1897ರ ಜನವರಿಯಲ್ಲಿ ಮೊದಲು ತಾವೇ ಚುಚ್ಚಿಸಿಕೊಂಡರು. ಮರುವರ್ಷ ಹುಬ್ಬಳ್ಳಿಯಲ್ಲಿ ಪ್ಲೇಗ್ ಬಂದಾಗ ಸಾವಿರಾರು ಜನ ಅದೇ ಲಸಿಕೆ ಹಾಕಿಸಿಕೊಂಡರು.

ಕೊನೆಗಾಲದಲ್ಲಿ ಮೆಚ್ನಿಕಾಫ್‌ಗೆ ಮೊಸರಿನ ಹುಚ್ಚು. ಹುಳಿ ಹಾಲು ಆಯಸ್ಸು ಹೆಚ್ಚಿಸುತ್ತೆ ಅಂತ ದಿನಾ ಕುಡೀತಿದ್ದರು. 1916ರಲ್ಲಿ, 71ನೇ ವಯಸ್ಸಿನಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡರು. ಚಿತಾಭಸ್ಮವನ್ನು ಪಾಶ್ಚರ್ ಸಂಸ್ಥೆಯ ಗ್ರಂಥಾಲಯದಲ್ಲಿ ಇಟ್ಟಿದ್ದಾರೆ.