ದೋಣಿಗೆ ಎಂಜಿನ್ ತೊಡಿಸಿದ ಓಲೆ ಎವಿನ್‌ರೂಡ್

ಮಕ್ಕಳೇ, ಮಲ್ಪೆಗೋ ಕಾರವಾರಕ್ಕೋ ಹೋದಾಗ ನೀವು ನಾಡದೋಣಿಗಳನ್ನು ನೋಡಿರಬಹುದು. ಕೆಲವು ದೋಣಿಗಳ ಹಿಂಬದಿಯಲ್ಲಿ ಒಂದು ಎಂಜಿನ್ ಸಿಕ್ಕಿಸಿರುತ್ತಾರೆ. ಮೇಲೆ ಡಬ್ಬದಂಥ ತಲೆ, ಕೆಳಗೆ ಉದ್ದನೆಯ ಕಾಲು, ಕಾಲಿನ ತುದಿಗೆ ಪುಟ್ಟ ಫ್ಯಾನಿನಂಥ ಪ್ರೊಪೆಲ್ಲರ್. ದಡ ಹತ್ತಿರವಾದಾಗ ಮೀನುಗಾರರು ಎಂಜಿನ್ನನ್ನು ಹಿಡಿದು ವಾಲಿಸುತ್ತಾರೆ. ಆಗ ಅದರ ಕಾಲು ನೀರಿನಿಂದ ಮೇಲೆ ಬರುತ್ತದೆ. ಈ ಎಂಜಿನ್ ದೋಣಿಯ ಹೊಟ್ಟೆಯೊಳಗೆ ಕೂರುವುದಿಲ್ಲ, ಹೊರಗೇ ಇರುತ್ತದೆ. ಆದ್ದರಿಂದ ಇದಕ್ಕೆ ಔಟ್‌ಬೋರ್ಡ್ ಮೋಟರು ಎಂದು ಹೆಸರು. ಇದನ್ನು ಜನಸಾಮಾನ್ಯರ ಕೈಗೆ ತಲುಪಿಸಿದವನ ಕಥೆಯನ್ನು ಇಂದು ತಿಳಿಯೋಣ.

ಆತನ ಹೆಸರು ಓಲೆ ಎವಿನ್‌ರೂಡ್. ಹುಟ್ಟಿದ್ದು 1877ರಲ್ಲಿ, ನಾರ್ವೆ ದೇಶದಲ್ಲಿ. ಆತನಿಗೆ ಸುಮಾರು ಐದು ವರ್ಷವಾಗಿದ್ದಾಗ ಇಡೀ ಕುಟುಂಬ ಹಡಗು ಹತ್ತಿ ಅಮೆರಿಕಕ್ಕೆ ವಲಸೆ ಹೋಯಿತು. ವಿಸ್ಕಾನ್ಸಿನ್ ರಾಜ್ಯದ ಕೇಂಬ್ರಿಜ್ ಎಂಬ ಊರಿನ ಬಳಿ, ರಿಪ್ಲಿ ಎಂಬ ಸರೋವರದ ಸಮೀಪ ಬೇಸಾಯ ಮಾಡಿಕೊಂಡು ನೆಲೆಸಿತು. ಮನೆಯ ತುಂಬ ಮಕ್ಕಳು, ಓಲೆಯೇ ಹಿರಿಯ. ಹೊಲದ ಕೆಲಸಕ್ಕೆ ಕೈ ಬೇಕಾಗಿದ್ದರಿಂದ ಆತನ ಶಾಲೆ ಬಹಳ ಬೇಗ ನಿಂತುಹೋಯಿತು. ಅಂದರೆ ನಿಮ್ಮಷ್ಟು ತರಗತಿಗಳನ್ನೂ ಆತ ಓದಲಿಲ್ಲ.

ಆದರೆ ಹುಡುಗನ ಮನಸ್ಸೆಲ್ಲ ದೋಣಿಯ ಮೇಲೆ. ತಂದೆಗೋ ಮಗ ಒಳ್ಳೆಯ ರೈತನಾಗಲಿ ಎಂಬ ಆಸೆ. ಓಲೆ ಗುಟ್ಟಾಗಿ ಒಂದು ಹಾಯಿದೋಣಿ ಕಟ್ಟತೊಡಗಿದಾಗ ತಂದೆ ಅದನ್ನು ಕಂಡುಹಿಡಿದು, ಒಡೆದು ಸೌದೆ ಮಾಡಿದನಂತೆ. ಹುಡುಗ ಸುಮ್ಮನಾಗಲಿಲ್ಲ. ಮತ್ತೊಂದು ದೋಣಿಯ ಭಾಗಗಳನ್ನು ಒಂದೊಂದಾಗಿ ಮಾಡಿ ಬಚ್ಚಿಟ್ಟ. ತಂದೆ ಊರಲ್ಲಿಲ್ಲದ ದಿನ ನೋಡಿ ಜೋಡಿಸಿದ. ದೋಣಿ ನೀರಿಗಿಳಿದು ಚೆನ್ನಾಗಿ ತೇಲಿತು. ಸರೋವರಕ್ಕೆ ಬಂದ ಪ್ರವಾಸಿಗರನ್ನು ಕೂರಿಸಿಕೊಂಡು ಸುತ್ತಾಡಿಸಿ ನಾಲ್ಕು ಕಾಸನ್ನೂ ಸಂಪಾದಿಸಿದ ಎಂದು ಹೇಳುತ್ತಾರೆ. ಮಗನ ದಾರಿಯೇ ಬೇರೆ ಎಂದು ತಂದೆಗೂ ಅರ್ಥವಾಗಿರಬೇಕು.

ಹದಿನಾರರ ವಯಸ್ಸಿನಲ್ಲಿ ಓಲೆ ಸುಮಾರು 30 ಕಿಲೋಮೀಟರ್ ದೂರದ ಮ್ಯಾಡಿಸನ್ ನಗರಕ್ಕೆ ಹೋಗಿ ಯಂತ್ರ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ. ಮುಂದೆ ಪಿಟ್ಸ್‌ಬರ್ಗ್, ಶಿಕಾಗೊ ನಗರಗಳಲ್ಲಿ ದುಡಿದ. ಕಬ್ಬಿಣ ಎರಕ ಹೊಯ್ಯುವುದು, ಅಚ್ಚು ತಯಾರಿಸುವುದು, ಲೇತ್‌ನಲ್ಲಿ ಕಡೆಯುವುದು ಎಲ್ಲವನ್ನೂ ಕೈಯಾರೆ ಕಲಿತ. ಆಗ ಪೆಟ್ರೋಲ್ ಎಂಜಿನ್ ಹೊಸ ವಸ್ತು, ಕಾರುಗಳೇ ಅಪರೂಪ. ಓಲೆಗೆ ಆ ಎಂಜಿನ್ನಿನ ಹುಚ್ಚು ಹಿಡಿಯಿತು. ಮಿಲ್ವಾಕೀ ನಗರಕ್ಕೆ ಬಂದು, ಪಾಲುದಾರರ ಜೊತೆ ಸೇರಿ ಎಂಜಿನ್ ತಯಾರಿಸುವ ಉದ್ಯಮ ಆರಂಭಿಸಿದ. ಪಾಲುದಾರಿಕೆಗಳು ಬಹಳ ದಿನ ಬಾಳಲಿಲ್ಲ. ಯಂತ್ರ ಗೊತ್ತಿದ್ದವನಿಗೆ ವ್ಯಾಪಾರ ಗೊತ್ತಿರಲಿಲ್ಲ. ಆ ಕೊರತೆ ತುಂಬಿದವಳು ನೆರೆಯಲ್ಲೇ ಇದ್ದ ಬೆಸ್ ಕೇರಿ ಎಂಬ ಯುವತಿ. ಆಕೆ ವ್ಯವಹಾರ ಶಿಕ್ಷಣ ಪಡೆಯುತ್ತಿದ್ದಳು. ಓಲೆಯ ಪತ್ರಗಳನ್ನು ಟೈಪ್ ಮಾಡಿ, ಲೆಕ್ಕ ಬರೆದುಕೊಡುತ್ತಿದ್ದಳು. 1906ರಲ್ಲಿ ಅವರಿಬ್ಬರ ಮದುವೆಯಾಯಿತು.

ಔಟ್‌ಬೋರ್ಡ್ ಮೋಟರಿನ ವಿಷಯ ಬಂದಾಗಲೆಲ್ಲ ಒಂದು ಐಸ್‌ಕ್ರೀಮಿನ ಕಥೆ ಹೇಳುವುದುಂಟು. ಬೇಸಿಗೆಯ ಒಂದು ದಿನ ಗೆಳೆಯರೆಲ್ಲ ಸರೋವರದ ನಡುಗಡ್ಡೆಗೆ ವನಭೋಜನಕ್ಕೆ ಹೋಗಿದ್ದರು. ಬೆಸ್‌ಗೆ ಐಸ್‌ಕ್ರೀಮ್ ತಿನ್ನುವ ಆಸೆಯಾಯಿತು. ಓಲೆ ದೋಣಿಯ ಹುಟ್ಟು ಹಾಕುತ್ತಾ ದಡಕ್ಕೆ ಹೋಗಿ ಐಸ್‌ಕ್ರೀಮ್ ತಂದ. ಸುಮಾರು ನಾಲ್ಕು ಕಿಲೋಮೀಟರ್ ದೂರ, ಎದುರುಗಾಳಿ ಬೇರೆ. ಬಂದು ನೋಡಿದರೆ ಐಸ್‌ಕ್ರೀಮ್ ಕರಗಿ ಹಾಲಾಗಿತ್ತು! ಅಂದೇ ಆತನಿಗೆ ಹುಟ್ಟಿನ ಬದಲು ಎಂಜಿನ್ ಏಕಿರಬಾರದು ಎಂಬ ಯೋಚನೆ ಬಂತಂತೆ. ಈ ಕಥೆಯನ್ನು ಹೇಳುವವರೆಲ್ಲ ಒಂದೇ ವರ್ಷವನ್ನು ಹೇಳುವುದಿಲ್ಲ, ಸ್ವಲ್ಪ ಉಪ್ಪುಖಾರವೂ ಸೇರಿರಬಹುದು. ಆದರೆ ಹುಟ್ಟು ಹಾಕಿದವರ ತೋಳುನೋವು ಮಾತ್ರ ಖಂಡಿತ ಸುಳ್ಳಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಕೆಲವು ಪುಸ್ತಕಗಳಲ್ಲಿ ಔಟ್‌ಬೋರ್ಡ್ ಮೋಟರನ್ನು ಕಂಡುಹಿಡಿದವನೇ ಓಲೆ ಎಂದು ಬರೆದಿರುತ್ತಾರೆ. ಅದು ಸರಿಯಲ್ಲ. ಆತನಿಗಿಂತ ಮುಂಚೆಯೇ ಕೆಲವರು ಪ್ರಯತ್ನಿಸಿದ್ದರು. ಡೆಟ್ರಾಯಿಟ್‌ನ ಕ್ಯಾಮರಾನ್ ವಾಟರ್‌ಮನ್ ಎಂಬಾತ 1906ರ ಹೊತ್ತಿಗೆ ಇಂಥ ಮೋಟರುಗಳನ್ನು ಮಾರುತ್ತಲೂ ಇದ್ದ. ಓಲೆ ಮಾಡಿದ್ದು ನಂಬಿ ಕೊಳ್ಳಬಹುದಾದಂಥ ಮೋಟರು.

ಓಲೆ ತನ್ನ ಮೊದಲ ಮೋಟರನ್ನು ಮನೆಗೆ ತಂದಾಗ ಬೆಸ್‌ಗೆ ಅದು ಕಾಫಿಬೀಜ ಪುಡಿಮಾಡುವ ಯಂತ್ರದಂತೆ ಕಂಡಿತಂತೆ. 1907ರಲ್ಲಿ ಆತ ಅದನ್ನು ಮಿಲ್ವಾಕೀಯ ಕಿನಿಕಿನಿಕ್ ನದಿಯಲ್ಲಿ ಓಡಿಸಿ ನೋಡಿದ. ಸುಧಾರಿಸಿದ ಮೋಟರನ್ನು ಗೆಳೆಯನೊಬ್ಬನಿಗೆ ಬಳಸಲು ಕೊಟ್ಟ. ಆ ಗೆಳೆಯ ಹಿಂದಿರುಗಿದ್ದು ಹತ್ತು ಮೋಟರುಗಳಿಗೆ ಬೇಡಿಕೆ ಹಿಡಿದುಕೊಂಡು! 1909ರಲ್ಲಿ ಮಾರಾಟ ಶುರುವಾಯಿತು. ಶಕ್ತಿ 1.5 ಅಶ್ವಶಕ್ತಿ, ತೂಕ 62 ಪೌಂಡ್, ಅಂದರೆ ಸುಮಾರು 28 ಕಿಲೋಗ್ರಾಂ. ಬೆಲೆಯೂ 62 ಡಾಲರ್. 1911ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು.

ಅದು ಹೇಗೆ ಕೆಲಸ ಮಾಡುತ್ತಿತ್ತು? ಎಂಜಿನ್ ಇರುವುದು ಮೇಲೆ. ಅದು ತಿರುಗಿಸುವ ದಂಡ ನೆಟ್ಟಗೆ ಕೆಳಕ್ಕೆ ಇಳಿಯುತ್ತದೆ. ಪ್ರೊಪೆಲ್ಲರ್ ಇರುವ ದಂಡವೋ ನೀರಿನೊಳಗೆ ಅಡ್ಡಲಾಗಿದೆ. ನೆಟ್ಟಗಿನ ತಿರುಗುವಿಕೆಯನ್ನು ಅಡ್ಡಕ್ಕೆ ತಿರುಗಿಸಲು ಓಲೆ ಓರೆ ಹಲ್ಲಿನ ಎರಡು ಗೇರುಗಳನ್ನು ಬಳಸಿದ. ಬಡಗಿಯ ಕೈ ಡ್ರಿಲ್ಲನ್ನು ಒಮ್ಮೆ ಹತ್ತಿರದಿಂದ ನೋಡಿ. ಹಿಡಿ ತಿರುಗುವ ದಿಕ್ಕೇ ಬೇರೆ, ಕೊರೆಯುವ ಮೊನೆ ತಿರುಗುವ ದಿಕ್ಕೇ ಬೇರೆ. ಎರಡರ ನಡುವೆ ಇರುವುದು ಇಂಥದೇ ಗೇರು. ಪ್ರೊಪೆಲ್ಲರ್ ನೀರನ್ನು ಹಿಂದಕ್ಕೆ ತಳ್ಳುತ್ತದೆ, ನೀರು ದೋಣಿಯನ್ನು ಮುಂದಕ್ಕೆ ತಳ್ಳುತ್ತದೆ. ಇದು ನ್ಯೂಟನ್ನನ ಮೂರನೆಯ ನಿಯಮ. ಇಡೀ ಮೋಟರನ್ನೇ ಎಡಕ್ಕೋ ಬಲಕ್ಕೋ ಹೊರಳಿಸಿದರೆ ದೋಣಿಯೂ ತಿರುಗುತ್ತದೆ, ಬೇರೆ ಚುಕ್ಕಾಣಿ ಬೇಡ. ಎಂಜಿನ್ನನ್ನು ತಂಪಾಗಿಡಲು ಸರೋವರದ ನೀರೇ ಸಾಕು.

ಬೆಸ್ ಜಾಹೀರಾತು ಬರೆದಳು. ಎಂಜಿನ್ನಿನ ಗುಣಗಾನ ಮಾಡುವ ಬದಲು ಹುಟ್ಟು ಹಾಕುವ ಕಷ್ಟವನ್ನೇ ನೆನಪಿಸಿದಳು. ಬೇಡಿಕೆ ಪ್ರವಾಹದಂತೆ ಬಂತು. ನಾರ್ವೆ, ಡೆನ್ಮಾರ್ಕ್‌ಗಳ ಮೀನುಗಾರರೂ ಕೊಂಡರು. ಆದರೆ ಹಗಲಿರುಳು ದುಡಿದ ಬೆಸ್‌ಳ ಆರೋಗ್ಯ ಕೆಟ್ಟಿತು. ಕಂಪನಿ ಮುಖ್ಯವೋ ಹೆಂಡತಿಯ ಆರೋಗ್ಯ ಮುಖ್ಯವೋ? 1914ರಲ್ಲಿ ಓಲೆ ತನ್ನ ಪಾಲನ್ನು ಪಾಲುದಾರನಿಗೆ ಮಾರಿಬಿಟ್ಟ. ಐದು ವರ್ಷ ಈ ವ್ಯಾಪಾರಕ್ಕೆ ಕೈಹಾಕುವುದಿಲ್ಲ ಎಂದು ಒಪ್ಪಂದಕ್ಕೆ ಸಹಿಯನ್ನೂ ಹಾಕಿದ. ತನ್ನ ಹೆಸರಿನ ಕಂಪನಿ ಬೇರೆಯವರ ಕೈಯಲ್ಲಿ ನಡೆಯುವುದನ್ನು ನೋಡುತ್ತಾ ಗಂಡ ಹೆಂಡತಿ ಮಗನೊಂದಿಗೆ ಊರೂರು ಸುತ್ತಿದರು.

ಕೈ ಸುಮ್ಮನಿದ್ದರೂ ತಲೆ ಸುಮ್ಮನಿರಬೇಕಲ್ಲ! ಆತನನ್ನು ಕೊರೆಯುತ್ತಿದ್ದುದು ಮೋಟರಿನ ತೂಕ. 28 ಕಿಲೋಗ್ರಾಂ ಎಂದರೆ ಅರ್ಧ ಮೂಟೆ ಅಕ್ಕಿಗಿಂತ ಹೆಚ್ಚು. ಅಲುಗಾಡುವ ದೋಣಿಯಲ್ಲಿ ನಿಂತು ಅದನ್ನು ಎತ್ತಿ ಸಿಕ್ಕಿಸುವುದು ಸುಲಭವೇ? ಓಲೆ ಅಲ್ಯೂಮಿನಿಯಂ ಹಿಡಿದ. ಒಂದೇ ಗಾತ್ರದ ಕಬ್ಬಿಣಕ್ಕೆ ಹೋಲಿಸಿದರೆ ಅಲ್ಯೂಮಿನಿಯಂ ತೂಕ ಸುಮಾರು ಮೂರನೆಯ ಒಂದು ಭಾಗ. ಎರಡು ಸಿಲಿಂಡರುಗಳ ಹೊಸ ಮೋಟರು ತಯಾರಾಯಿತು. 3 ಅಶ್ವಶಕ್ತಿ, ತೂಕ 48 ಪೌಂಡ್, ಅಂದರೆ ಸುಮಾರು 22 ಕಿಲೋಗ್ರಾಂ. ಈಗ ನೀವೇ ಭಾಗಿಸಿ ನೋಡಿ. ಹಳೆಯ ಮೋಟರಿನಲ್ಲಿ ಒಂದು ಅಶ್ವಶಕ್ತಿಗೆ ಹೆಚ್ಚುಕಡಿಮೆ 19 ಕಿಲೋಗ್ರಾಂ ಹೊರಬೇಕಿತ್ತು, ಹೊಸದರಲ್ಲಿ 7 ಕಿಲೋಗ್ರಾಂಗಿಂತ ಸ್ವಲ್ಪ ಹೆಚ್ಚು. ಓಲೆ ಇದನ್ನು ಹಳೆಯ ಪಾಲುದಾರನಿಗೆ ತೋರಿಸಿದ, ಆತ ಬೇಡವೆಂದ. ಆಗ ಗಂಡ ಹೆಂಡತಿ 1920ರ ಹೊತ್ತಿಗೆ ಎಲ್ಟೊ ಎಂಬ ಹೆಸರಿನಲ್ಲಿ ಹೊಸ ಕಂಪನಿಯನ್ನೇ ತೆರೆದರು. ಹಗುರ ಮೋಟರನ್ನು ಜನ ಮುಗಿಬಿದ್ದು ಕೊಂಡರು.

ತೂಕ ಇಷ್ಟೊಂದು ಮುಖ್ಯವೇ ಎಂದು ನೀವು ಕೇಳಬಹುದು. ಹುಡುಗ ಓಲೆ ಕಟ್ಟಿದಂಥ ಸಣ್ಣ ಹಾಯಿದೋಣಿಯನ್ನೇ ತೆಗೆದುಕೊಳ್ಳಿ. ಗಾಳಿ ನಿಂತರೆ ಹಾಯಿದೋಣಿಯೂ ನಿಂತಂತೆ. ಆದ್ದರಿಂದ ಅದಕ್ಕೂ ಒಂದು ಮೋಟರು ಇರಲಿ ಎನ್ನುತ್ತಾರೆ. ಯಾವ ಮೋಟರು? ಹೆಚ್ಚು ಶಕ್ತಿಯದ್ದೇ ಒಳ್ಳೆಯದು ಎಂದು ತೋರುತ್ತದೆ, ಅಲ್ಲವೇ? ಒಂದು ಪ್ರಯೋಗ ಮಾಡಿ. ಬಕೆಟ್ ನೀರಿನಲ್ಲಿ ಉದ್ದನೆಯ ಪ್ಲಾಸ್ಟಿಕ್ ಡಬ್ಬಿಯನ್ನು ತೇಲಿಬಿಡಿ. ಅದರ ಒಂದು ತುದಿಯಲ್ಲಿ ಕಲ್ಲಿಡಿ. ಆ ತುದಿ ಮುಳುಗಿ, ಇನ್ನೊಂದು ತುದಿ ಮೇಲೆದ್ದಿತೇ? ಭಾರದ ಮೋಟರು ಸಿಕ್ಕಿಸಿದ ಸಣ್ಣ ದೋಣಿಯ ಪಾಡೂ ಇದೇ. ಹಿಂಬದಿ ತಗ್ಗಿ, ಮೂತಿ ಮೇಲೆದ್ದು, ದೋಣಿ ಸರಾಗವಾಗಿ ಸಾಗುವುದಿಲ್ಲ.

ಶಕ್ತಿ ಹೆಚ್ಚಿದ್ದರೆ ವೇಗವಾದರೂ ಸಿಗುತ್ತದೆಯೇ? ಭಾರದ ಹಾಯಿದೋಣಿಗೆ ಅದೂ ಸಿಗುವುದಿಲ್ಲ. ನೀರನ್ನು ಸೀಳಿಕೊಂಡು ಹೋಗುವ ದೋಣಿ ತನ್ನ ಮುಂದೆ ಅಲೆಯೊಂದನ್ನು ಎಬ್ಬಿಸುತ್ತದೆ. ವೇಗ ಹೆಚ್ಚಿದಂತೆ ಅಲೆಯೂ ಉದ್ದವಾಗುತ್ತಾ ದೋಣಿಯ ಉದ್ದಕ್ಕೆ ಸಮನಾಗುತ್ತದೆ. ಆಮೇಲೆ ದೋಣಿ ತಾನೇ ಎಬ್ಬಿಸಿದ ಅಲೆಯ ಗುಡ್ಡವನ್ನು ಹತ್ತಬೇಕು! ಐದೂವರೆ ಮೀಟರ್ ಉದ್ದದ ದೋಣಿಗೆ ಗಂಟೆಗೆ ಸುಮಾರು 10 ಕಿಲೋಮೀಟರ್ ವೇಗದಲ್ಲಿ ಈ ಗುಡ್ಡ ಎದುರಾಗುತ್ತದೆ. ಆ ವೇಗದ ಹತ್ತಿರಕ್ಕೆ ಒಯ್ಯಲು ಅರ್ಧ ಟನ್ ತೂಕದ ದೋಣಿಗೆ 2 ಅಥವಾ 3 ಅಶ್ವಶಕ್ತಿ ಸಾಕು. ಇಂದು ಅಷ್ಟು ಶಕ್ತಿಯ ಪೆಟ್ರೋಲ್ ಮೋಟರುಗಳು 14ರಿಂದ 18 ಕಿಲೋಗ್ರಾಂ ತೂಗುತ್ತವೆ, ಬ್ಯಾಟರಿಯಿಂದ ಓಡುವವೂ ಬಂದಿವೆ.

ಶಕ್ತಿಗಿಂತ ಹೆಚ್ಚಾಗಿ ನೋಡಬೇಕಾದದ್ದು ಮೋಟರಿನ ಕಾಲನ್ನು. ಸಾಮಾನ್ಯವಾಗಿ 15 ಅಂಗುಲದ ಗಿಡ್ಡ ಕಾಲು, 20 ಅಂಗುಲದ ಉದ್ದ ಕಾಲು ಎಂದು ಎರಡು ಬಗೆ ಸಿಗುತ್ತವೆ. ಅಲೆಯಲ್ಲಿ ಹಾಯಿದೋಣಿಯ ಮೂತಿ ಕೆಳಗೆ ಬಾಗಿದಾಗ ಹಿಂಬದಿ ಎದ್ದೇಳುತ್ತದೆ. ಕಾಲು ಗಿಡ್ಡವಾಗಿದ್ದರೆ ಪ್ರೊಪೆಲ್ಲರ್ ನೀರು ಬಿಟ್ಟು ಗಾಳಿಯಲ್ಲಿ ಗಿರ್ರನೆ ತಿರುಗುತ್ತದೆ, ದೋಣಿ ಮುಂದೆ ಹೋಗುವುದಿಲ್ಲ. ಅದಕ್ಕೇ ಹಾಯಿದೋಣಿಗೆ ಸಾಮಾನ್ಯವಾಗಿ ಉದ್ದ ಕಾಲಿನದನ್ನೇ ಆರಿಸುತ್ತಾರೆ. ಗಾಳಿ ಬಂದು ಹಾಯಿ ಬಿಚ್ಚಿದ ಮೇಲೆ ಮೋಟರನ್ನು ವಾಲಿಸಿ ಕಾಲನ್ನು ನೀರಿನಿಂದ ಎತ್ತಬೇಕು, ಇಲ್ಲವಾದರೆ ಅದೇ ದೋಣಿಯನ್ನು ಹಿಂದಕ್ಕೆಳೆಯುತ್ತದೆ. ಎತ್ತುವವರ ತೋಳಿಗೆ ಆಗ ಮೋಟರಿನ ತೂಕ ಎಷ್ಟೆಂದು ಚೆನ್ನಾಗಿ ತಿಳಿಯುತ್ತದೆ!

ಇತ್ತ ಓಲೆಯ ಕಥೆಗೆ ಬರೋಣ. 1929ರಲ್ಲಿ ಎಲ್ಟೊ, ಹಳೆಯ ಎವಿನ್‌ರೂಡ್ ಮತ್ತು ಇನ್ನೊಂದು ಕಂಪನಿ ಒಂದಾದವು. ಹದಿನೈದು ವರ್ಷದ ಹಿಂದೆ ಬಿಟ್ಟುಕೊಟ್ಟ ತನ್ನ ಹೆಸರಿನ ಕಂಪನಿಗೆ ಓಲೆ ಮತ್ತೆ ಮುಖ್ಯಸ್ಥನಾದ. ಅದೇ ವರ್ಷ ಅಮೆರಿಕದಲ್ಲಿ ಭಾರೀ ಆರ್ಥಿಕ ಕುಸಿತ ಆರಂಭವಾಗಿ, ಮೋಟರು ಕೊಳ್ಳುವವರೇ ಕಡಿಮೆಯಾದರು. 1933ರಲ್ಲಿ ಬೆಸ್ ತೀರಿಕೊಂಡಳು. ಮರುವರ್ಷ, 1934ರ ಜುಲೈಯಲ್ಲಿ, 57ನೆಯ ವಯಸ್ಸಿನಲ್ಲಿ ಓಲೆಯೂ ಕಣ್ಣುಮುಚ್ಚಿದ. ಉದ್ಯಮದ ಹೊಣೆ ಮಗ ರಾಲ್ಫ್‌ನ ಹೆಗಲಿಗೆ ಬಂತು. ಎವಿನ್‌ರೂಡ್ ಎಂಬ ಹೆಸರಿನ ಮೋಟರುಗಳು ಕೈಯಿಂದ ಕೈಗೆ ಬದಲಾದ ಕಂಪನಿಗಳ ಕಾರ್ಖಾನೆಗಳಲ್ಲಿ 2020ರವರೆಗೂ ತಯಾರಾಗುತ್ತಿದ್ದವು.